ಗೂಢಚಾರಿಣಿ ಸುಮ್ಮನಿದ್ದ ಹೊತ್ತು

ಅಮೆರಿಕದಿಂದ ಊರಿಗೆ ಹಿಂತಿರುಗಿದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೋದ ಆ ಕೆಂಪು ಸೇತುವೆ ನೋಡಿದಿರಾ? ನೋಡಲು ಹೋಗಿದ್ದೆ. ನಾವು ಹೋದ ದಿನ ಮಂಜು ಅದನ್ನು ಬುಡದಿಂದ ತುದಿಯವರೆಗೆ ನುಂಗಿ ಕೂತಿತ್ತು. ಹಡಗುಗಳಿಗೆ ಎಚ್ಚರಿಕೆ ಕೊಡುವ ಕಹಳೆಯೊಂದು ಮಾತ್ರ ಬಿಳಿ ಮಂಜಿನೊಳಗಿಂದ ಕರು ಕಳೆದುಕೊಂಡ ಎಮ್ಮೆಯ ಹಾಗೆ ಕೂಗುತ್ತಿತ್ತು. ಸೇತುವೆ ನೋಡದೆ, ಸೇತುವೆಯ ಸದ್ದು ಕೇಳಿಸಿಕೊಂಡು ವಾಪಸು ಬಂದೆ. ಆಗ ಬೇಸರವಾಗಿತ್ತು. ಆದರೆ ಆ ಪ್ರವಾಸದಲ್ಲಿ ನನ್ನ ಪಾಲಿಗೆ ಬರೆದಿದ್ದದ್ದು ನೋಡುವುದಲ್ಲ, ಕೇಳುವುದು.

ವಾಲ್ನಟ್ ಕ್ರೀಕ್: ಎದುರು ಮನೆ

ನನ್ನ ತಂಗಿ ಪದ್ಮ ವಾಲ್ನಟ್ ಕ್ರೀಕಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುತ್ತಾಳೆ. ಅವಳ ಗಂಡ ನಂಜುಂಡ ಮಂಡ್ಯದ ಕಡೆಯವನು; ಅಷ್ಟು ವರ್ಷ ಅಲ್ಲಿದ್ದೂ ಮಾತಿನ ಜೋರು ಒಂದು ಚೂರೂ ಇಳಿದಿಲ್ಲ. ನಾನು ಹೋದ ಮೊದಲ ವಾರವೇ ಪದ್ಮ ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ಹೇಳಿದಳು.

‘ಅಕ್ಕಾ, ಎದುರು ಅಪಾರ್ಟ್‌ಮೆಂಟಿನ ಡೊರೊಥಿ ನಿನ್ನ ಟೀಗೆ ಇನ್ವೈಟ್ ಮಾಡಿದಾರೆ. ಇಲ್ಲ ಅನ್ಬೇಡ. ಆಕೆ ಸ್ಪೈ.’

‘ಏನಂದೆ?’

‘ಸ್ಪೈ ಕಣೆ. ರೇಡಿಯೋದಲ್ಲಿ.’

ನಂಜುಂಡ ದೋಸೆ ಮುರಿಯುತ್ತಾ ಸೇರಿಸಿದ. ‘ಹುಷಾರು ಅತ್ತಿಗೆ. ನೀವು ಮೊದ್ಲೇ ಬಾಯಿ ಬಿಟ್ರೆ ಮುಚ್ಚಲ್ಲ. ಊರಿನ ಸೀಕ್ರೆಟ್ಟೆಲ್ಲ ಹೊರಕ್ಕೆ ಬಂದ್ಬುಟ್ಟಾವು.’

ಡೊರೊಥಿಗೆ ತೊಂಬತ್ತು ಹತ್ತಿರ. ಬಾಗಿಲು ತೆಗೆದವರು ನನ್ನ ಎಡಗಿವಿಯನ್ನೇ ನೋಡುತ್ತಾ ಮಾತಾಡಿಸಿದರು. ನನ್ನ ಓಲೆ ನೋಡುತ್ತಿದ್ದಾರೆ ಎಂದುಕೊಂಡು ನಾನು ಕತ್ತನ್ನು ಸ್ವಲ್ಪ ತಿರುಗಿಸಿ ಇನ್ನೂ ಚೆನ್ನಾಗಿ ತೋರಿಸಿದೆ. ಪದ್ಮ ನನ್ನ ಸೀರೆ ಎಳೆದಳು. ಆಮೇಲೆ ತಿಳಿಯಿತು, ಅವರಿಗೆ ಕಣ್ಣಿನ ನಟ್ಟನಡುವೆ ದೃಷ್ಟಿ ಹೋಗಿದೆಯಂತೆ. ಎದುರಿಗಿರುವವರ ಮುಖ ಕಾಣಬೇಕಾದರೆ ಪಕ್ಕಕ್ಕೆ ನೋಡಬೇಕು. ನನಗೆ ನಾಚಿಕೆಯಾಯಿತು. ಅವರೇ ನಕ್ಕು, ‘ಓಲೆಯೂ ಕಂಡಿತು, ಬಹಳ ಚೆನ್ನಾಗಿದೆ’ ಎಂದರು.

ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬರುವಷ್ಟು ಮಾತ್ರ. ಉಳಿದದ್ದನ್ನು ಪದ್ಮ ಕಿವಿಯಲ್ಲಿ ಊದುತ್ತಿದ್ದಳು. ಆದ್ದರಿಂದ ಎಲ್ಲರ ಮಾತನ್ನೂ ನನ್ನೊಳಗೆ ಇಳಿದ ಕನ್ನಡದಲ್ಲೇ ಬರೆಯುತ್ತೇನೆ.

ಟೀವಿ ಇನ್ನೂ ಮನೆ ಹೊಕ್ಕಿರದ ಕಾಲದಲ್ಲಿ ಆ ದೇಶಕ್ಕೆ ದೇಶವೇ ಸಂಜೆಯಾದರೆ ರೇಡಿಯೋದ ಸುತ್ತ ಕೂರುತ್ತಿತ್ತಂತೆ. ಹಾಸ್ಯ, ಪತ್ತೇದಾರಿ, ಭೂತ ಎಲ್ಲವೂ ಬರುತ್ತಿದ್ದವು. ಡೊರೊಥಿಗೆ ಮಾತ್ರ ಗೂಢಚಾರರ ನಾಟಕವೇ ಆಗಬೇಕು. ಯುದ್ಧದ ಕಾಲ, ಸಮುದ್ರ ತೀರದ ಊರಾದ್ದರಿಂದ ಶತ್ರು ವಿಮಾನ ಬರಬಹುದೆಂದು ದೀಪ ಆರಿಸಿ, ಕಿಟಕಿಗೆ ಕಪ್ಪು ಪರದೆ ಎಳೆಯುತ್ತಿದ್ದರು. ಆ ಕತ್ತಲಲ್ಲಿ ರೇಡಿಯೋದ ಮುಳ್ಳಿನ ಹಿಂದಿನ ಹಳದಿ ಬೆಳಕೊಂದೇ. ಅದರೊಳಗಿಂದ ಯಾರೋ ಪಿಸುಗುಟ್ಟುತ್ತಿದ್ದರು: ‘ಹಿಂದೆ ತಿರುಗಿ ನೋಡಬೇಡ. ನಡೆಯುತ್ತಿರು.’

‘ಒಂದು ವಾರ ನಮ್ಮ ತರಕಾರಿ ಅಂಗಡಿಯವನನ್ನು ಹಿಂಬಾಲಿಸಿದ್ದೆ. ಎಲೆಕೋಸಿನೊಳಗೆ ನಕ್ಷೆ ಇಟ್ಟು ಮಾರುತ್ತಾನೆ ಅಂತ ನನಗೆ ಖಾತ್ರಿಯಾಗಿತ್ತು’ ಎಂದರು ಡೊರೊಥಿ.

‘ಇರಲಿಲ್ಲವೆ?’

‘ಹುಳ ಇತ್ತು.’

ಹತ್ತು ವರ್ಷದವರಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸ್ಟುಡಿಯೋದಲ್ಲಿ ಅವರಿಗೇ ಪಾತ್ರ ಸಿಕ್ಕಿತಂತೆ. ಒಂದೇ ಸಾಲು: ‘ಸಾರ್, ನಿಮ್ಮ ಕೊಡೆ ಬಿಟ್ಟು ಹೋಗ್ತಿದೀರಿ.’ ಆ ಮಾತು ಗೂಢಚಾರರ ಸಂಕೇತವಾಗಿತ್ತು. ಅದನ್ನು ಹೇಳಿದ ಕೂಡಲೇ ಕಥೆಯೊಳಗೆ ಒಬ್ಬ ಸಾಯುತ್ತಿದ್ದ. ‘ಮನೆಗೆ ಬಂದು ಅತ್ತುಬಿಟ್ಟೆ. ನನ್ನಿಂದ ಒಬ್ಬ ಸತ್ತನಲ್ಲ ಅಂತ. ಸತ್ತವನ ಪಾತ್ರ ಮಾಡಿದವನೇ ಆಮೇಲೆ ನನಗೆ ಐಸ್‌ಕ್ರೀಮು ಕೊಡಿಸಿದ್ದ, ಆದರೂ ಅಳು ನಿಲ್ಲಲಿಲ್ಲ.’

ಈಗ ಆ ಕಡೆಯ ಕೆಲವರು ಸೇರಿ ಒಂದು ಸಣ್ಣ ಬಳಗ ಕಟ್ಟಿಕೊಂಡಿದ್ದಾರೆ. ಹಳೆಯ ಧಾಟಿಯ ಗೂಢಚಾರ ನಾಟಕಗಳನ್ನು ಸಭಿಕರ ಎದುರು ಮೈಕಿನ ಮುಂದೆ ನಿಂತು ಓದುತ್ತಾರೆ. ಸ್ಥಳೀಯ ರೇಡಿಯೋ ಒಂದು ಅದನ್ನು ಆಗಿಂದಾಗಲೇ ಪ್ರಸಾರ ಮಾಡುತ್ತದೆ. ನಾಯಕಿಯ ಪಾತ್ರ ಯಾವಾಗಲೂ ಡೊರೊಥಿಯದು. ದನಿಗೆ ವಯಸ್ಸಾಗಿಲ್ಲ, ಕಣ್ಣು ಮುಚ್ಚಿದರೆ ಮೂವತ್ತರ ಹೆಂಗಸು ಎದುರಿಗಿರುತ್ತಾಳೆ. ಆದರೆ ಹಿಂದಿನ ಸಲ ಸಾಲು ಕಾಣದೆ ಎರಡು ಕಡೆ ಎಡವಿದರಂತೆ. ಬಳಗದ ನಿರ್ದೇಶಕಿ ಲಿಂಡಾ ಮೃದುವಾಗಿಯೇ ಹೇಳಿದ್ದಾಳೆ: ಈ ಸಲ ಸರಾಗವಾಗಿ ನಡೆದರೆ ಸರಿ, ಇಲ್ಲವಾದರೆ ಮುಂದಿನ ನಾಟಕದಿಂದ ಪಾತ್ರ ಬೇರೆಯವರಿಗೆ.

‘ಈಗ ನನ್ನನ್ನು ಯಾರಾದರೂ ಕಾಯುತ್ತಾರೆ ಅಂದರೆ ಅದು ಅಲ್ಲಿ ಮಾತ್ರ’ ಎಂದರು ಡೊರೊಥಿ. ಟೀ ಬಗ್ಗಿಸುವಾಗ ಬಟ್ಟಲ ಅಂಚಿಗೆ ಬೆರಳಿಟ್ಟು ಬಿಸಿಯಿಂದ ಮಟ್ಟ ತಿಳಿಯುತ್ತಿದ್ದರು. ‘ಉಳಿದ ಕಡೆಯೆಲ್ಲ ನನಗೆ ದಾರಿ ಬಿಡುತ್ತಾರೆ.’

ಸ್ಯಾನ್ ರಮೋನ್: ಕಾರಿಲ್ಲದ ಗ್ಯಾರೇಜು

ಅಮೆರಿಕದಲ್ಲಿ ನಾನು ಕಂಡ ಅತಿ ದೊಡ್ಡ ರೈಲ್ವೇ ಸ್ಟೇಷನ್ನು ಒಂದು ಗ್ಯಾರೇಜಿನೊಳಗಿತ್ತು. ಅದು ಎರ್ನಿಯ ಮನೆ; ಪದ್ಮ, ನಂಜುಂಡ ನನ್ನನ್ನು ಕರೆದುಕೊಂಡು ಹೋಗಿದ್ದರು. ಎರ್ನಿ ಜೀವನವಿಡೀ ವಿಮೆ ಮಾರಿದವನು, ಈಗ ಬಳಗದ ಸದ್ದಿನ ಮನುಷ್ಯ. ಅವನ ಕಾರು ಬಿಸಿಲಲ್ಲಿ ಹೊರಗೆ ಒಣಗುತ್ತಿತ್ತು. ಒಳಗೆ ಮುರುಕು ಬಾಗಿಲುಗಳು, ಹಳೆಯ ಬೂಟುಗಳು, ತಗಡು, ಜಲ್ಲಿ ತುಂಬಿದ ತಟ್ಟೆ, ಬೀಗ, ಸರಪಳಿ. ನಮ್ಮೂರ ಗುಜರಿಯವನು ನೋಡಿದರೆ ತಕ್ಕಡಿ ಹಿಡಿದೇ ಒಳಗೆ ಬರುತ್ತಿದ್ದ.

‘ಕಣ್ಣು ಮುಚ್ಚಿ’ ಎಂದ ಎರ್ನಿ.

ಮುಚ್ಚಿದೆ. ಹಿಮದ ಮೇಲೆ ಯಾರೋ ನಡೆದು ಬಂದರು, ನಿಂತರು, ಬೆಂಕಿಯ ಹತ್ತಿರ ಕೂತರು. ಬೆಂಕಿ ಚಟಚಟಿಸಿತು. ದೂರದಲ್ಲಿ ಸೈನಿಕರ ದಂಡೊಂದು ಬೂಟು ಕುಟ್ಟುತ್ತಾ ಹಾದುಹೋಯಿತು. ಒಂದು ರೈಲು ಉಸಿರು ಬಿಡುತ್ತಾ ಬಂದು ನಿಂತಿತು. ನನಗೆ ನಿಜಕ್ಕೂ ಚಳಿಯಾಯಿತು, ಸೆರಗು ಹೊದ್ದುಕೊಂಡೆ.

ಕಣ್ಣು ಬಿಟ್ಟರೆ ಹಿಮವೆಂಬುದು ಬಟ್ಟೆ ಚೀಲದಲ್ಲಿ ಕಟ್ಟಿದ ಮೆಕ್ಕೆಜೋಳದ ಹಿಟ್ಟು. ಬೆಂಕಿ ಎಂಬುದು ಬಿಸ್ಕತ್ತಿನ ಪೊಟ್ಟಣದ ಹೊಳೆಯುವ ಕಾಗದ. ದಂಡೆಂಬುದು ಚೌಕಟ್ಟಿಗೆ ದಾರದಲ್ಲಿ ನೇತುಹಾಕಿದ ಮರದ ಗೂಟಗಳು. ರೈಲೆಂಬುದು ಎರಡು ಉಪ್ಪುಕಾಗದದ ತುಂಡು ಮತ್ತು ಎರ್ನಿಯ ಕೆನ್ನೆ.

‘ಪಿಸ್ತೂಲಿಗೆ?’ ಎಂದೆ. ಅವನು ಒಂದು ಚರ್ಮದ ದಿಂಬಿಗೆ ಸ್ಕೇಲಿನಿಂದ ಹೊಡೆದ. ನಾನು ಬೆಚ್ಚಿ ಕುರ್ಚಿಯಿಂದ ಎದ್ದೆ.

‘ನಿಜವಾದ ಪಿಸ್ತೂಲು ಮೈಕಿನ ಮುಂದೆ ಮಕ್ಕಳ ಪಟಾಕಿ ಥರ ಕೇಳುತ್ತದೆ. ಯಾರೂ ನಂಬುವುದಿಲ್ಲ. ಸುಳ್ಳು ಚೆನ್ನಾಗಿದ್ದರೇ ನಿಜ ಅನ್ನಿಸುವುದು’ ಎಂದ.

‘ವಿಮೆ ಮಾರಿದವನ ಬಾಯಲ್ಲಿ ಈ ಮಾತು ಕೇಳ್ದೆ, ಸಾಕು. ನಾಳೇನೇ ನನ್ ಪಾಲಿಸಿ ತೆಗ್ದು ಓದ್ತೀನಿ’ ಎಂದು ನಂಜುಂಡ ಕನ್ನಡದಲ್ಲಿ ಗೊಣಗಿದ.

ನಾನು ಅಕ್ಷರ ಕಲಿಯುವ ಮೊದಲು ಕಥೆ ಕಲಿತವಳು. ನಮ್ಮಜ್ಜಿ ರಾಕ್ಷಸನ ಹೆಜ್ಜೆಗೆ ಒನಕೆ ಕುಟ್ಟುತ್ತಿದ್ದಳು, ಮಳೆಗೆ ಮೊರದಲ್ಲಿ ರಾಗಿ ಆಡಿಸುತ್ತಿದ್ದಳು. ಅಂಥದ್ದನ್ನೇ ಒಂದು ಶಾಸ್ತ್ರ ಮಾಡಿ, ಒಂದು ದೇಶದ ಮಕ್ಕಳನ್ನೆಲ್ಲ ಒಟ್ಟಿಗೆ ಹೆದರಿಸಿದ ಜನ ಇವರು. ಎರ್ನಿಗೆ ಅಜ್ಜಿಯ ಮೊರದ ವಿಷಯ ಹೇಳಿದೆ. ಅವನು ತಕ್ಷಣ ಒಂದು ತಟ್ಟೆಯಲ್ಲಿ ಅಕ್ಕಿ ಹಾಕಿ ನನ್ನ ಕೈಗೆ ಕೊಟ್ಟ. ಆಡಿಸಿದೆ. ತಲೆಯಾಡಿಸಿದ. ‘ಶನಿವಾರದ ನಾಟಕಕ್ಕೆ ನನ್ನ ಪಕ್ಕ ಕೂರಿ. ಮಳೆ ನಿಮ್ಮದು. ಬೂಟು ಕೇಳಿದಾಗ ಬೂಟು ಕೊಡಿ.’

ಅರವತ್ತು ದಾಟಿದ ಮೇಲೆ, ಸಾಗರದಾಚೆ, ನನಗೆ ಮಳೆಯ ಕೆಲಸ ಸಿಕ್ಕಿತು.

ಪಾಲೋ ಆಲ್ಟೋ: ಶನಿವಾರ

ಕೊಲ್ಲಿಯ ಮೇಲಿನ ಉದ್ದ ಸೇತುವೆ ದಾಟಿ ಪಾಲೋ ಆಲ್ಟೋ ಸೇರಿದೆವು. ದಾರಿಯುದ್ದಕ್ಕೂ ಪದ್ಮ, ‘ಫ್ರೀವೇಲಿ ಆಕ್ಸಿಡೆಂಟ್ ಆಗಿದ್ರೆ ಮಳೆ ಲೇಟಾಗತ್ತೆ ನೋಡು’ ಎಂದು ರೇಗಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಡೊರೊಥಿ ಕೈಚೀಲವನ್ನು ಎದೆಗವಚಿ ಕೂತಿದ್ದರು. ಅದರಲ್ಲಿ ಅವರ ನಾಟಕದ ಹಾಳೆಗಳಿದ್ದವು. ಒಂದೊಂದು ಅಕ್ಷರ ಹುಣಸೆ ಬೀಜದಷ್ಟು ದಪ್ಪ. ಹಾಳೆಗೆ ನಾಲ್ಕೈದು ಸಾಲಷ್ಟೇ ಹಿಡಿಯುವುದು, ಆದ್ದರಿಂದ ದೊಡ್ಡ ಕಟ್ಟು.

ಪುಟ್ಟ ಸಭಾಂಗಣ. ವೇದಿಕೆಯ ಮೇಲೆ ದಪ್ಪ ಜಮಖಾನ, ಎರಡು ಮೈಕು, ಹಾಳೆ ಇಡಲು ಎರಡು ಸ್ಟ್ಯಾಂಡು. ಪಕ್ಕದಲ್ಲಿ ಎರ್ನಿಯ ಮೇಜು, ಅದರ ಹಿಂದೆ ತಗ್ಗು ಕುರ್ಚಿಯಲ್ಲಿ ಅಕ್ಕಿ ತಟ್ಟೆ ಹಿಡಿದ ನಾನು. ಲಿಂಡಾ ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳಿದಳು: ‘ನೆನಪಿರಲಿ, ನೇರ ಪ್ರಸಾರ. ಇಲ್ಲಿ ಮೌನವಾದರೆ ಮನೆಯಲ್ಲಿ ಕೇಳುವವರು ರೇಡಿಯೋ ಕೆಟ್ಟಿತು ಅಂದುಕೊಳ್ಳುತ್ತಾರೆ. ಹೋದವರು ತಿರುಗಿ ಬರುವುದಿಲ್ಲ.’ ಹೇಳುವಾಗ ಡೊರೊಥಿಯನ್ನು ನೋಡದಿರಲು ಅವಳು ಪಟ್ಟ ಪಾಡು ನನಗೂ ಕಂಡಿತು.

ನಾಟಕ ಶುರುವಾಯಿತು. ಯುರೋಪಿನ ಯಾವುದೋ ಊರು. ಪಿಯಾನೋ ಕಲಿಸುವ ಹೆಂಗಸೊಬ್ಬಳು ಗುಟ್ಟಾಗಿ ಸಂದೇಶ ಸಾಗಿಸುವ ಗೂಢಚಾರಿಣಿ, ಅದು ಡೊರೊಥಿ. ಅವಳನ್ನು ಬೆನ್ನಟ್ಟುವ ಅಧಿಕಾರಿ ಒಬ್ಬ ಎತ್ತರದ ನಟ. ಮೊದಲ ದೃಶ್ಯ ಸ್ಟೇಷನ್ನಿನಲ್ಲಿ, ಎರಡನೆಯದು ಓಡುವ ರೈಲಿನಲ್ಲಿ. ಮಳೆ ಬರಬೇಕಾದಾಗ ಎರ್ನಿ ಹುಬ್ಬು ಹಾರಿಸಿದ, ನಾನು ಮಳೆ ಸುರಿಸಿದೆ. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಕೋಟಿನ ಗುಂಡಿ ಹಾಕಿಕೊಂಡರು. ಆ ಹೆಮ್ಮೆಯನ್ನು ಹೇಗೆ ಬರೆಯಲಿ!

ಆಗ ಕಂಡದ್ದು ಅದು. ಡೊರೊಥಿ ಒಂದು ಹಾಳೆ ಓದಿ ಮುಗಿಸಿದ ಕೂಡಲೇ ಅದನ್ನು ಮೆಲ್ಲಗೆ ಎತ್ತಿ, ಕೈಬಿಟ್ಟರು. ಹಾಳೆ ತೇಲಿ ಜಮಖಾನದ ಮೇಲೆ ಬಿತ್ತು. ಇನ್ನೊಂದು. ಮತ್ತೊಂದು. ಅಧಿಕಾರಿಯೂ ಹಾಗೆಯೇ ಬೀಳಿಸುತ್ತಿದ್ದ. ಹಾಳೆ ಮಗುಚುವ ಸದ್ದು ಮೈಕಿಗೆ ಸಿಡಿಲಿನಂತೆ ಕೇಳುವುದರಿಂದ ರೇಡಿಯೋ ನಾಟಕದವರು ಮಗುಚುವುದಿಲ್ಲ, ನೆಲಕ್ಕೆ ಬಿಡುತ್ತಾರೆ. ಇದು ಅವರ ಹಳೆಯ ಪದ್ಧತಿ. ನನಗೆ ಯಾರೂ ಹೇಳಿರಲಿಲ್ಲ. ನನಗೆ ಕಂಡದ್ದಿಷ್ಟೇ: ಅಕ್ಷರ ಬರೆದ ಹಾಳೆಗಳು ನೆಲದ ಮೇಲೆ, ಅವುಗಳ ಮೇಲೆ ಆ ಎತ್ತರದವನ ಬೂಟುಗಾಲು.

ಚಿಕ್ಕಂದಿನಲ್ಲಿ ಹಳೆಯ ಪೇಪರಿನ ಚೂರು ಕಾಲಿಗೆ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಮುಂದೆ ಹೆಜ್ಜೆ ಇಟ್ಟವರಲ್ಲ ನಾವು. ಅದು ಯೋಚಿಸಿ ಮಾಡುವ ಕೆಲಸವಲ್ಲ, ಕೈ ತಾನೇ ಹೋಗುತ್ತದೆ. ಎರಡು ದೃಶ್ಯಗಳ ನಡುವೆ ಸಂಗೀತ ಬಂತು. ನಾನು ಕುರ್ಚಿಯಿಂದ ಜಾರಿ, ಮಂಡಿಯೂರಿ, ಡೊರೊಥಿಯ ಹಾಳೆಗಳನ್ನೆಲ್ಲ ಬಾಚಿಕೊಂಡೆ. ಕಣ್ಣಿಗೊತ್ತಿದೆ. ಪಾಪ, ಕಣ್ಣು ಕಾಣದೆ ಬೀಳಿಸಿಕೊಂಡಿದ್ದಾರೆ ಎಂದು ಅವನ್ನು ನೀಟಾಗಿ ಜೋಡಿಸಿ, ಅವರ ಸ್ಟ್ಯಾಂಡಿನ ಮೇಲೆ, ಉಳಿದ ಹಾಳೆಗಳ ನೆತ್ತಿಯ ಮೇಲೇ ಇಟ್ಟು ಬಂದು ಕೂತೆ. ಸಭೆಯಲ್ಲಿ ಪದ್ಮ ಬಾಯಿಗೆ ಕೈ ಅಡ್ಡ ಹಿಡಿದದ್ದು ಕಂಡಿತು. ಭೇಷ್ ಎನ್ನುತ್ತಿದ್ದಾಳೆ ಎಂದುಕೊಂಡೆ.

ಸಂಗೀತ ನಿಂತಿತು. ಕೊನೆಯ ದೃಶ್ಯ, ವಿಚಾರಣೆಯ ಕೋಣೆ. ಅಧಿಕಾರಿ ಕೇಳಿದ: ‘ನಿನ್ನ ಜೊತೆಗಾರನ ಹೆಸರೇನು?’

ಡೊರೊಥಿ ಹಾಳೆಯತ್ತ ಓರೆಯಾಗಿ ನೋಡಿದರು. ಅಲ್ಲಿದ್ದದ್ದು ಮೊದಲ ದೃಶ್ಯ, ಸ್ಟೇಷನ್ನಿನ ಟೀ ಅಂಗಡಿ. ಅವರ ಬಾಯಿ ತೆರೆಯಿತು, ಮುಚ್ಚಿತು. ಕೈ ಹಾಳೆಗಳ ಮೇಲೆ ಹೋಗಿ ನಿಂತಿತು. ಹುಡುಕುವಂತಿಲ್ಲ; ಹುಡುಕಿದರೆ ಆ ಪರಪರ ಸದ್ದು ಊರಿಗೆಲ್ಲ ಕೇಳುತ್ತದೆ.

ಮೌನ.

ನಾನು ಏನು ಮಾಡಿದೆನೆಂದು ನನಗೆ ಆಗ ಹೊಳೆಯಿತು. ಲಿಂಡಾ ಪ್ರಸಾರದ ಕೋಣೆಯ ಗಾಜಿನ ಹಿಂದೆ ಎದ್ದು ನಿಂತಿದ್ದಳು. ಡೊರೊಥಿಯ ಬೆರಳುಗಳು ಸ್ಟ್ಯಾಂಡಿನ ಅಂಚನ್ನು ಹಿಡಿದು ಬಿಳಿಚಿಕೊಂಡಿದ್ದವು.

ಎರ್ನಿ ನನ್ನತ್ತ ಕೈ ಚಾಚಿದ. ಬೂಟು! ಕೊಟ್ಟೆ. ಎರಡು ಕೈಗೂ ಬೂಟು ತೊಟ್ಟು ಅವನು ಹಲಗೆಯ ಮೇಲೆ ನಡೆಯತೊಡಗಿದ. ಟಕ್. ಟಕ್. ನಿಧಾನ. ಒಂದು ಕಾಲು ಸ್ವಲ್ಪ ಎಳೆದಂತೆ. ಕೋಣೆಯ ಹೊರಗೆ, ಕಾರಿಡಾರಿನಲ್ಲಿ ಯಾರೋ ನಡೆಯುತ್ತಿದ್ದಾರೆ. ಸಭೆಗೆ ಸಭೆಯೇ ಬಾಗಿಲಿಲ್ಲದ ಕಡೆ ತಿರುಗಿ ಬಾಗಿಲು ನೋಡಿತು. ಹೆಜ್ಜೆ ನಿಂತಿತು.

ಡೊರೊಥಿ ಸ್ಟ್ಯಾಂಡಿನಿಂದ ಕೈ ತೆಗೆದರು. ಹಾಳೆಗಳಿಂದ ಮುಖ ಎತ್ತಿದರು.

‘ಅವನ ಹೆಸರು ನನಗೆ ಗೊತ್ತಿಲ್ಲ. ಅವನ ನಡಿಗೆ ಮಾತ್ರ ಗೊತ್ತು.’

ಅಲ್ಲಿಂದ ಕೊನೆಯವರೆಗೆ ಅವರು ಒಂದು ಹಾಳೆಯನ್ನೂ ಮುಟ್ಟಲಿಲ್ಲ. ನಾಟಕ ಮುಗಿದಾಗ ಚಪ್ಪಾಳೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಜನಕ್ಕೆ ತಾವು ಎಲ್ಲಿದ್ದೇವೆಂದು ನೆನಪಾಗಬೇಕಿತ್ತು.

ಅದೇ ವೇದಿಕೆ, ಜನ ಹೋದ ಮೇಲೆ

ಡೊರೊಥಿ ನನ್ನ ಕಿವಿಯನ್ನು ನೋಡುತ್ತಾ ಕೇಳಿದರು. ‘ಹಾಳೆ ಇಟ್ಟವರು ನೀವಾ?’

ನನ್ನ ಬಸ್‌ಸ್ಟ್ಯಾಂಡಿನ ಇಂಗ್ಲಿಷೂ ಕೈಕೊಟ್ಟಿತು. ಪದ್ಮ ಮುಂದೆ ಬಂದು, ಅಕ್ಷರವನ್ನು ನಾವು ತುಳಿಯುವುದಿಲ್ಲ, ಅದು ವಿದ್ಯೆ, ದೇವರು ಎಂದು ವಿವರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ‘ನಿನ್ನ ಕರ್ಕೊಂಡು ಬಂದಿದ್ದು ನನ್ನ ಬುದ್ಧಿಗೇಡು ಕಣೆ ಅಕ್ಕಾ’ ಎಂದಳು. ಎತ್ತರದ ಅಧಿಕಾರಿ ತನ್ನ ಬೂಟಿನಡಿ ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಎರ್ನಿ ಬೂಟುಗಳನ್ನು ಒರೆಸುತ್ತಾ ಹೇಳಿದ. ‘ಮುಂದಿನ ಸಾಲು ನನಗೆ ಗೊತ್ತಿತ್ತು. ಬಾಯಲ್ಲಿ ಹೇಳುವಂತಿರಲಿಲ್ಲ. ನಡೆದು ಹೇಳಿದೆ.’

‘ಕೇಳಿಸಿತು’ ಎಂದರು ಡೊರೊಥಿ. ಆಮೇಲೆ ಲಿಂಡಾಳತ್ತ ತಿರುಗಿದರು. ‘ನಾಳೆ ಇದೇ ನಾಟಕ ಇನ್ನೊಮ್ಮೆ ಇದೆಯಲ್ಲ. ನನ್ನ ಮುಂದೆ ಸ್ಟ್ಯಾಂಡು ಇಡಬೇಡ.’

‘ಡೊರೊಥಿ, ಹಾಳೆ ಇಲ್ಲದೆ ಇಲ್ಲಿ ಯಾರೂ ನಿಂತಿಲ್ಲ. ಇವತ್ತು ಎರ್ನಿ ಕಾಪಾಡಿದ.’

‘ನಾಳೆ ಅವನೂ ನಡೆಯುವುದು ಬೇಡ.’

‘ತಪ್ಪಿದರೆ?’

‘ತಪ್ಪಿದರೆ ನೀನು ಹೇಳುವ ಮೊದಲು ನಾನೇ ಇಳಿದು ಹೋಗುತ್ತೇನೆ. ಕಾಣದ್ದನ್ನು ಕಾಣುವ ಹಾಗೆ ನಟಿಸಿ ಸಾಕಾಗಿದೆ, ಲಿಂಡಾ. ನಾಟಕದಲ್ಲಿ ಒಂದು ನಟನೆ ಸಾಲದೆ?’

ಲಿಂಡಾ ಮೈಕಿನ ವೈರು ಸುತ್ತಿಟ್ಟಳು. ‘ಸರಿ’ ಎಂದಳು.

ಡೊರೊಥಿ ನನ್ನ ಕೈ ಹಿಡಿದರು. ‘ನಾಳೆ ನೀವು ಇಲ್ಲಿಗೆ ಬರಬೇಡಿ. ಮನೆಯಲ್ಲಿ ರೇಡಿಯೋ ಹಾಕಿ ಕೇಳಿ. ಇದನ್ನು ಕೇಳಬೇಕಾದ್ದು ಅಲ್ಲಿಂದ.’

ಕಾರಿನಲ್ಲಿ ನಾನು ಪದ್ಮನನ್ನು ಪಿಸುದನಿಯಲ್ಲಿ ಕೇಳಿದೆ, ‘ಪ್ರೀತಿಯಿಂದ ಹೇಳಿದ್ದೋ, ಓಡಿಸಿದ್ದೋ?’

‘ಇಲ್ಲಿಯವರದ್ದು ಅದೇ ಪ್ರಾಬ್ಲಮ್ಮು ಅಕ್ಕಾ. ಎರಡಕ್ಕೂ ಒಂದೇ ಸ್ಮೈಲು.’

ಭಾನುವಾರ: ಪದ್ಮನ ಅಡುಗೆಮನೆ

ಮಧ್ಯಾಹ್ನ ಮೂವರೂ ಊಟದ ಮೇಜಿಗೆ ಕೂತೆವು. ನಂಜುಂಡ ಎಲ್ಲಿಂದಲೋ ಒಂದು ಸಣ್ಣ ರೇಡಿಯೋ ಹುಡುಕಿ ತಂದು ನಡುವೆ ಇಟ್ಟಿದ್ದ. ಫೋನಿನಲ್ಲೂ ಬರುತ್ತದಂತೆ, ನಾನು ಒಪ್ಪಲಿಲ್ಲ.

ರೈಲು ಬಂತು. ಉಪ್ಪುಕಾಗದ ಎಂದು ಗೊತ್ತಿದ್ದೂ ನನ್ನ ಪಾಲಿಗೆ ಅದು ರೈಲೇ. ಹೊಗೆಯ ವಾಸನೆಯೂ ಬಂತೆಂದರೆ ನೀವು ನಗುತ್ತೀರಿ. ನಿನ್ನೆ ಕಂಡಿದ್ದ ಸುಕ್ಕು ಮುಖ, ಬಿಳಿ ಕೂದಲು ಎಲ್ಲ ಅಳಿಸಿಹೋಗಿ, ತೆಳ್ಳಗಿನ ಹೆಂಗಸೊಬ್ಬಳು ಒದ್ದೆ ಕೋಟಿನಲ್ಲಿ ನಮ್ಮ ಮೇಜಿನ ಪಕ್ಕ ನಡೆದು ಹೋದಳು. ಎಲ್ಲಿಯೂ ಒಂದು ಅಕ್ಷರ ತೊಡರಲಿಲ್ಲ. ನಂಜುಂಡ ತಟ್ಟೆಯಲ್ಲಿ ಕೈ ಒಣಗಿಸಿಕೊಂಡು ಕೂತಿದ್ದ.

ವಿಚಾರಣೆಯ ಕೋಣೆ ಬಂತು. ‘ನಿನ್ನ ಜೊತೆಗಾರನ ಹೆಸರೇನು?’

ಉತ್ತರವಿಲ್ಲ. ಹೆಜ್ಜೆ ಸದ್ದೂ ಇಲ್ಲ. ಏನೂ ಇಲ್ಲ.

ಫ್ರಿಜ್ಜು ಗುಂಯ್ ಎನ್ನುವುದು ಕೇಳಿತು. ಪಕ್ಕದ ಮನೆಯ ನಾಯಿ ಒಮ್ಮೆ ಬೊಗಳಿತು. ನಾನು ಮೇಜಿನಡಿ ಪದ್ಮನ ಕೈ ಹಿಡಿದುಕೊಂಡೆ. ಮರೆತರಾ? ನನ್ನಿಂದಲೇ ಈ ಹುಂಬತನಕ್ಕೆ ಬಿದ್ದರಾ? ದೇವರೇ, ಆ ಹಾಳೆಗಳನ್ನು ಯಾರಾದರೂ ಮತ್ತೆ ಅವರ ಕೈಗೆ ಕೊಡಬಾರದೆ!

‘ಬ್ಯಾಟ್ರಿ ಹೋಯ್ತಾ?’ ಎಂದು ನಂಜುಂಡ ರೇಡಿಯೋಕ್ಕೆ ಕೈ ಹಾಕಿದ. ಪದ್ಮ ಆ ಕೈಯ ಮೇಲೆ ಒಂದು ಕೊಟ್ಟಳು.

‘ಅವನ ಹೆಸರು ನನಗೆ ಗೊತ್ತಿಲ್ಲ.’ ದನಿ ಮೇಜಿನ ನಡುವಿನಿಂದ ಬಂತು, ತಣ್ಣಗೆ, ಆತುರವಿಲ್ಲದೆ. ‘ಅವನ ನಡಿಗೆ ಮಾತ್ರ ಗೊತ್ತು.’

ನಾನು ಉಸಿರು ಬಿಟ್ಟೆ. ಆದರೆ ಮತ್ತೆ ಮೌನ. ಈ ಸಲ ಅದು ಬೇರೆ ಥರದ್ದು. ಪರಪರ ಎಂದಿತು, ಹಾಳೆ. ಮತ್ತೆ ಪರಪರ. ಡೊರೊಥಿಯ ಮುಂದೆ ಹಾಳೆಯೇ ಇಲ್ಲವಲ್ಲ! ಎತ್ತರದ ಅಧಿಕಾರಿಯ ಉಸಿರು ಮೈಕಿಗೆ ಬಡಿಯುವುದು ಕೇಳಿತು. ಕೇಳಬೇಕಾದ ಮುಂದಿನ ಪ್ರಶ್ನೆಯ ಹಾಳೆ ಸಿಗದೆ ಅವನಿಗೇ ಜಾಗ ತಪ್ಪಿತ್ತು.

ಆಗ ಗೂಢಚಾರಿಣಿ ಮಾತಾಡಿದಳು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡವಳಂತೆ, ಸ್ವಲ್ಪ ಕನಿಕರದಿಂದಲೇ.

‘ಅಧಿಕಾರಿಗಳೇ, ರೈಲಿನಲ್ಲಿ ನನ್ನ ಎದುರು ಕೂತಿದ್ದ ವೈದ್ಯ ಯಾರು ಎಂದು ನೀವು ಇಷ್ಟು ಹೊತ್ತಿಗೆ ಕೇಳಿರಬೇಕಿತ್ತು.’

‘ಅಯ್ಯಯ್ಯಪ್ಪೋ! ಪೊಲೀಸನ್ನೇ ವಿಚಾರಣೆ ಮಾಡ್ತಾವ್ಳಲ್ಲ ನಮ್ಮಜ್ಜಿ!’ ಎಂದು ನಂಜುಂಡ ಎದ್ದೇ ನಿಂತ.

‘ಹೌದು’ ಎಂದ ಅಧಿಕಾರಿ ರೇಡಿಯೋದೊಳಗಿಂದ, ಶಾಲೆಯ ಹುಡುಗನಷ್ಟು ವಿಧೇಯನಾಗಿ. ‘ಅದನ್ನೇ ಕೇಳುವವನಿದ್ದೆ.’